ಸ್ಕ್ರೂಗೇಜಿನ ಶೂನ್ಯ ದೋಷ

“ಅಪ್ಪಾ, ನಿನಗೆ ಈ ಫೋನು ನಿಜವಾಗಿಯೂ ಸಾಕಾ, ಇಲ್ಲಾ ದುಡ್ಡಿಲ್ಲ ಅಂತ ಸಾಕಾ?”

2025ರ ಮೇ ತಿಂಗಳ ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ಕೇಳಿದ ಪ್ರಶ್ನೆ ಇದು. ದ್ವಿತೀಯ ಪಿಯುಸಿ ಮುಗಿಸಿ ಬಿ.ಎಸ್ಸಿ. ಓದಲು ಹಾಸನಕ್ಕೆ ಹೊರಟು ನಿಂತಿದ್ದಳು. ಹಾಸ್ಟೆಲಿಗೆ ಒಯ್ಯಬೇಕಾದ ಹಾಸಿಗೆ, ಬಕೆಟ್ಟು, ತಟ್ಟೆ ಲೋಟಗಳ ಪಟ್ಟಿ ಮಾಡಿ ಕೊನೆಯ ಸಾಲಿನಲ್ಲಿ ‘ಹೊಸ ಫೋನು’ ಎಂದು ಬರೆದಿದ್ದಳು. ನಾನು ಎಂದಿನಂತೆ ನನ್ನ ಹಳೆಯ ಫೋನನ್ನು ಎತ್ತಿ ಹಿಡಿದು, “ಇದಕ್ಕೇನಾಗಿದೆ? ಐದು ವರ್ಷದಿಂದ ಎಲ್ಲ ಕೆಲಸ ಮಾಡುತ್ತಿದೆ. ಇದನ್ನೇ ತೆಗೆದುಕೊಂಡು ಹೋಗು. ಇರುವುದರಲ್ಲಿ ತೃಪ್ತಿ ಪಡುವುದನ್ನು ಕಲಿಯಬೇಕು” ಎಂದು ಉಪದೇಶ ಶುರು ಮಾಡಿದ್ದೆ. ಆಗ ಬಂತು ಈ ಪ್ರಶ್ನೆ. ಬಾಯಿಗಿಟ್ಟ ಮುದ್ದೆ ಗಂಟಲಿನಲ್ಲಿ ಇಳಿಯಲಿಲ್ಲ.

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ‘ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ’ ಎಂದು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಾ ಬಂದವನು. ಮನೆಯಲ್ಲೇ ಯಾರಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ಎಷ್ಟು ಕಷ್ಟವಾಗುತ್ತದೆಂದು ಆವತ್ತು ಗೊತ್ತಾಯಿತು. “ನಾಳೆ ಹೇಳುತ್ತೇನೆ” ಎಂದು ಕೈ ತೊಳೆದುಕೊಂಡೆ. ಆ ನಾಳೆ ಬರಲು ಎರಡು ವಾರ ಹಿಡಿಯಿತು.

ಮೊದಲು ಈ ಫೋನಿನ ಜಾತಕ ಹೇಳಿಬಿಡುತ್ತೇನೆ. ಯಾವ ಕಂಪನಿಯದು ಎಂಬುದು ಬೇಡ. ಆ ಬೆಲೆಗೆ ಸಿಗುತ್ತಿದ್ದ ಎಲ್ಲ ಫೋನುಗಳೂ ಹೆಚ್ಚುಕಡಿಮೆ ಒಂದೇ. 2020ರಲ್ಲಿ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಮಗಳು ಎಂಟನೇ ತರಗತಿ. ಒಂದಷ್ಟು ಪಾಠ ಚಂದನ ವಾಹಿನಿಯಲ್ಲಿ ಬರುತ್ತಿತ್ತು, ಉಳಿದದ್ದೆಲ್ಲ ಫೋನಿನಲ್ಲಿ. ನಮ್ಮದು ಅನುದಾನವಿಲ್ಲದ ಶಾಲೆ. ಆ ತಿಂಗಳುಗಳಲ್ಲಿ ಕೈಗೆ ಬರುತ್ತಿದ್ದುದು ಅರ್ಧ ಸಂಬಳ. ನನ್ನಾಕೆ ಮುಂದಿನ ವರ್ಷಕ್ಕೆಂದು ಬಿಟ್ಟಿದ್ದ ಚೀಟಿಯನ್ನು ಮೊದಲೇ ಎತ್ತಿ 9,500 ರೂಪಾಯಿ ಕೊಟ್ಟಳು. ಸಕಲೇಶಪುರಕ್ಕೆ ಹೋಗಿ ಫೋನು ತಂದೆವು. ಮನೆಯೊಳಗೆ ಸಿಗ್ನಲ್ ಇಲ್ಲ. ಕಾಫಿ ತೋಟದ ಮೇಲಿನ ಬೋಳು ಬಂಡೆಯ ಮೇಲೆ ಕೊಡೆ ಹಿಡಿದು ಕುಳಿತು ಮಗಳು ಪಾಠ ಕೇಳಿದಳು. ಅದೇ ಬಂಡೆಯ ಇನ್ನೊಂದು ಹೊತ್ತಿನಲ್ಲಿ ಕುಳಿತು ನಾನು ನನ್ನ ಮಕ್ಕಳಿಗೆ ಪಾಠ ಮಾಡಿದೆ. ಮಲೆನಾಡಿನಲ್ಲಿ ಅಂಥ ಬಂಡೆಗಳೂ ಮರಗಳೂ ಆಗ ಊರಿಗೊಂದಿದ್ದವು.

ಆ ಬಂಡೆಯ ಮೇಲಿಂದಲೇ ಒಂದು ದಿನ ಫೋನು ಜಾರಿ ಬಿತ್ತು. ಗಾಜಿನ ಎಡ ಮೂಲೆಯಿಂದ ಕೆಳಗಿನವರೆಗೆ ಬಿರುಕು. ಗಾಜು ಹೋದರೆ ಹೋಗಲಿ, ಎಡ ಅಂಚಿನ ಒಂದು ಬೆರಳಗಲದ ಪಟ್ಟಿಯಲ್ಲಿ ಮುಟ್ಟಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಹೊಸ ಗಾಜು ಹಾಕಿಸಲು ಕೇಳಿದ ದುಡ್ಡು ಫೋನಿನ ಬೆಲೆಯ ಮೂರನೆಯ ಒಂದು ಪಾಲು. ಹಾಗೇ ಬಿಟ್ಟೆವು. ಆ ಪಟ್ಟಿಯಲ್ಲಿರುವ ಅಕ್ಷರ ಒತ್ತಬೇಕಾದರೆ ಫೋನನ್ನು ಅಡ್ಡಕ್ಕೆ ತಿರುಗಿಸಬೇಕು. ತೆರೆಯ ಮೇಲಿನ ಚಿತ್ರವೂ ತಿರುಗುತ್ತದೆ, ಸತ್ತ ಜಾಗದಲ್ಲಿದ್ದ ಅಕ್ಷರ ಜೀವ ಇರುವ ಜಾಗಕ್ಕೆ ಬರುತ್ತದೆ. ಬರೆದು ಮುಗಿಸಿ ಮತ್ತೆ ನೇರ ಮಾಡಿದರಾಯಿತು.

ಫೋನು ತಿರುಗಿತೆಂದು ತೆರೆಗೆ ಹೇಗೆ ಗೊತ್ತಾಗುತ್ತದೆ? ಎಂಟನೇ ತರಗತಿಯ ಮಗಳು ಅಂದೇ ಕೇಳಿದ್ದಳು. ಅದಕ್ಕೆ ಉತ್ತರ ಹುಡುಕುತ್ತಾ ಹೊರಟ ನನಗೆ ಫೋನಿನ ನಿಜವಾದ ಪರಿಚಯವಾಯಿತು. ಒಳಗೆ ವೇಗೋತ್ಕರ್ಷ ಅಳೆಯುವ ಒಂದು ಪುಟ್ಟ ಚಿಪ್ಪಿದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗುಗಳಿಗೆ ಸಿಲಿಕಾನಿನ ಒಂದು ಚೂರು ತೂಗುಬಿದ್ದಿದೆ. ಫೋನು ವಾಲಿದರೆ ಆ ಚೂರು ಸ್ವಲ್ಪ ಸರಿಯುತ್ತದೆ. ಸರಿದದ್ದನ್ನು ವಿದ್ಯುತ್ತಿನ ಲೆಕ್ಕದಲ್ಲಿ ಅಳೆದು, ‘ಭೂಮಿ ಈ ಕಡೆ ಇದೆ’ ಎಂದು ಫೋನು ತೀರ್ಮಾನಿಸುತ್ತದೆ. ತಕ್ಕಡಿಯ ಮರಿಮಗನೇ ಅದು. ಇದಲ್ಲದೆ ದಿಕ್ಕು ನೋಡುವ ಕಾಂತಮಾಪಕ, ಬೆಳಕು ಅಳೆಯುವ ಕಣ್ಣು, ಧ್ವನಿ ಹಿಡಿಯುವ ಕಿವಿ, ಉಪಗ್ರಹಗಳ ಸಂಕೇತ ಕೇಳುವ ಜಿಪಿಎಸ್. ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಇಲ್ಲದ ಎಷ್ಟೋ ಉಪಕರಣಗಳು ನನ್ನ ಜೇಬಿನಲ್ಲಿ, ಬಿರುಕು ಬಿಟ್ಟ ಗಾಜಿನ ಹಿಂದೆ ಕುಳಿತಿದ್ದವು!

ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ‘ಫೈಫಾಕ್ಸ್’ ಎಂಬ ತಂತ್ರಾಂಶವನ್ನು 2016ರಲ್ಲಿ ಹೊರತಂದರು. ದುಡ್ಡು ಕೊಡಬೇಕಾಗಿಲ್ಲ. ಫೋನಿನ ಈ ಎಲ್ಲ ಅಳತೆಗಳನ್ನೂ ಅದು ಅಂಕಿಗಳಲ್ಲಿ ತೋರಿಸುತ್ತದೆ. ಶಾಲೆ ಮತ್ತೆ ತೆರೆದ ಮೇಲೆ ಅದನ್ನಿಟ್ಟುಕೊಂಡು ಒಂದು ಪ್ರಯೋಗ ಮಾಡಿಸಿದೆ. ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರದ ಕಟ್ಟೆಯ ಅಂಚಿನಲ್ಲಿ ಮರದ ಸ್ಕೇಲು, ಸ್ಕೇಲಿನ ಹೊರಚಾಚಿದ ತುದಿಯಲ್ಲಿ ಒಂದು ನಾಣ್ಯ. ಸ್ಕೇಲಿಗೆ ಪಕ್ಕದಿಂದ ಟಕ್ ಎಂದು ಹೊಡೆದರೆ ಅದು ಸರಿದುಹೋಗುತ್ತದೆ, ಆಸರೆ ತಪ್ಪಿದ ನಾಣ್ಯ ನೇರ ಕೆಳಗೆ ಬೀಳುತ್ತದೆ. ಮೊದಲ ಸದ್ದಿಗೆ ಫೋನಿನ ಗಡಿಯಾರ ಓಡಲು ಶುರು, ನಾಣ್ಯ ನೆಲಕ್ಕೆ ಬಡಿದ ಸದ್ದಿಗೆ ನಿಲುಗಡೆ. ಒಬ್ಬ ಹುಡುಗನಿಗೆ 0.46 ಸೆಕೆಂಡು ಬಂತು, ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.45. ಮತ್ತೊಬ್ಬಳಿಗೆ 0.44 ಬಂತು, ಲೆಕ್ಕದಲ್ಲಿ 10.33. ಹುಡುಗರು ನಕ್ಕರು: “ಸಾರ್, ನಿಮ್ಮ ಫೋನು ಒಡೆದಿದೆ, ಅದಕ್ಕೇ ತಪ್ಪು ಹೇಳ್ತಿದೆ.” ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ ಎಂದೆ. 0.452 ಬಂತು. ಲೆಕ್ಕ ಹಾಕಿದರೆ 9.79. ಪುಸ್ತಕದ 9.8ರ ಪಕ್ಕದ ಮನೆ! ನಗು ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮರುದಿನ ತನ್ನ ಅಣ್ಣನ ಫೋನು ತಂದು ತಾನೇ ಮಾಡಿ ನೋಡಿದ.

ಇಷ್ಟೇ ಅಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಊರಿಗೆ ಊರೇ ಮೂಗಾದಾಗ ಇಯರ್‌ಫೋನಿನ ತಂತಿಯನ್ನೇ ಏರಿಯಲ್ ಮಾಡಿಕೊಂಡು ಈ ಫೋನು ಹಾಸನ ಆಕಾಶವಾಣಿಯ ಎಫ್.ಎಂ. ಕೇಳಿಸುತ್ತದೆ. ಸಿಗ್ನಲ್ಲೇ ಇಲ್ಲದ ಕಾಡಿನಲ್ಲೂ ಜಿಪಿಎಸ್ ನಡೆಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಅದಕ್ಕೆ ಸಾಕು, ಸಿಮ್ಮೂ ಬೇಡ, ಇಂಟರ್‌ನೆಟ್ಟೂ ಬೇಡ. ನಕಾಶೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರಾಯಿತು. ನನ್ನ ತಾಯಿಗೆ ಮಾತ್ರೆಯ ಹಾಳೆಯ ಮೇಲಿನ ಸಣ್ಣಕ್ಷರ ಕಾಣುವುದಿಲ್ಲ. ಫೋಟೋ ಹೊಡೆದು ದೊಡ್ಡದು ಮಾಡಿ ಅವರೇ ಓದಿಕೊಳ್ಳುತ್ತಾರೆ. ಟಿವಿಯ ರಿಮೋಟ್ ಕೆಟ್ಟಿದೆಯೋ ಸೆಲ್ಲು ಹೋಗಿದೆಯೋ ನೋಡಬೇಕೆ? ರಿಮೋಟಿನ ಮೂಗನ್ನು ಫೋನಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಹಳಷ್ಟು ಫೋನುಗಳ ತೆರೆಯಲ್ಲಿ ನೇರಳೆಯಾಗಿ ಮಿನುಗುತ್ತದೆ. ಮಿನುಗಿದರೆ ರಿಮೋಟು ಸರಿಯಿದೆ ಎಂದರ್ಥ.

ಇಷ್ಟೆಲ್ಲ ಗುಣವಿರುವ ಫೋನನ್ನು ನಾನು ಹೊಗಳಿದರೆ ತಪ್ಪೇನು? ತಪ್ಪು ಇತ್ತು. ಅದು ಹೊರಬಿದ್ದದ್ದು ಮಗಳು ಪ್ರಶ್ನೆ ಕೇಳಿದ ವಾರದೊಳಗೇ.

ಫೋನಿನ ಹಿಂಬದಿಯ ಮುಚ್ಚಳ ಒಂದು ಅಂಚಿನಲ್ಲಿ ಸ್ವಲ್ಪ ಎದ್ದುಕೊಂಡಿತ್ತು. ಯುಗಾದಿಯ ಹೊತ್ತಿಗೇ ನಾನು ನೋಡಿದ್ದೆ. ಅಂಟು ಬಿಟ್ಟಿರಬೇಕೆಂದುಕೊಂಡು ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದೆ. ನೋಡಿದವರ ಮುಂದೆ ಆ ರಬ್ಬರ್ ಬ್ಯಾಂಡನ್ನು ಸರಳ ಜೀವನದ ಗುರುತೆಂಬಂತೆ ತೋರಿಸುತ್ತಿದ್ದೆನೆಂದರೂ ಸುಳ್ಳಲ್ಲ. ಒಂದು ದಿನ ಸಂತೆಗೆ ಹೋದಾಗ ಫೋನು ರಿಪೇರಿ ಅಂಗಡಿಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಅದನ್ನು ಕೈಗೆ ತೆಗೆದುಕೊಂಡವನೇ ಮುಖ ಸಣ್ಣದು ಮಾಡಿದ. “ಸಾರ್, ಇದು ಅಂಟು ಬಿಟ್ಟಿರೋದಲ್ಲ. ಬ್ಯಾಟರಿ ಊದಿಕೊಂಡಿದೆ. ಇದನ್ನ ಎಷ್ಟು ದಿನದಿಂದ ಹೀಗೇ ಇಟ್ಕೊಂಡಿದ್ದೀರಿ? ರಾತ್ರಿ ಚಾರ್ಜಿಗೆ ಹಾಕ್ತೀರಾ?” ಹಾಕುತ್ತಿದ್ದೆವು. ಮಗಳು ರಾತ್ರಿ ಓದಿ ಮುಗಿಸಿ ಅದನ್ನು ದಿಂಬಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗುತ್ತಿದ್ದಳು.

ಲಿಥಿಯಂ-ಅಯಾನ್ ಬ್ಯಾಟರಿ ಬಲು ದೊಡ್ಡ ಸಾಧನೆ. ಅದಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದರೆ ಅದು ಮುದಿಯಾಗುತ್ತದೆ. ಸುಮಾರು ಐನೂರು ಸಲ ತುಂಬಿ ಖಾಲಿಯಾದ ಮೇಲೆ ಮೊದಲಿನ ನೂರರಲ್ಲಿ ಎಂಬತ್ತು ಪಾಲು ಮಾತ್ರ ಹಿಡಿಯುತ್ತದೆ ಎಂಬುದು ವಾಡಿಕೆಯ ಲೆಕ್ಕ. ಕೆಲವು ಸಲ ಒಳಗಿನ ದ್ರವ ಒಡೆದು ಅನಿಲವಾಗಿ ಚೀಲ ಊದಿಕೊಳ್ಳುತ್ತದೆ. ಊದಿದ್ದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ವಿಜ್ಞಾನದ ಮೇಷ್ಟ್ರಾಗಿ ನಾನು ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೆ! ಹುಡುಗ 900 ರೂಪಾಯಿಗೆ ಹೊಸ ಬ್ಯಾಟರಿ ಹಾಕಿಕೊಟ್ಟ. ಹಳೆಯದನ್ನು ಕಸಕ್ಕೆ ಹಾಕದೆ, ಇ-ತ್ಯಾಜ್ಯ ಒಯ್ಯುವವರಿಗೆ ಕೊಡುವ ಡಬ್ಬದಲ್ಲಿ ಬೇರೆಯಾಗಿ ಇಟ್ಟ. ವಿದ್ಯಾರ್ಥಿಯಿಂದ ಬೈಸಿಕೊಂಡು ಬಸ್ಸು ಹತ್ತಿದೆ.

ಆ ಬಸ್ಸಿನಲ್ಲಿ ನನಗೆ ಸ್ಕ್ರೂಗೇಜು ನೆನಪಾಯಿತು. ನಾನು ಪಿಯುಸಿ ಓದುವಾಗ ಪ್ರಯೋಗಾಲಯದಲ್ಲಿ ಆರು ಸ್ಕ್ರೂಗೇಜುಗಳಿದ್ದವು. ಆರರಲ್ಲಿ ಒಂದೂ ಸರಿಯಿರಲಿಲ್ಲ. ಸ್ಕ್ರೂಗೇಜಿನ ಎರಡು ತುದಿಗಳು ಕೂಡಿದಾಗ ಅಳತೆ ಸೊನ್ನೆ ತೋರಿಸಬೇಕು. ನನ್ನ ಪಾಲಿಗೆ ಬಂದದ್ದು ಐದು ಮನೆ ತೋರಿಸುತ್ತಿತ್ತು, ಅಂದರೆ 0.05 ಮಿಲಿಮೀಟರ್. ಇದಕ್ಕೆ ಶೂನ್ಯ ದೋಷ ಎಂದು ಹೆಸರು. ಇನ್ನೊಂದು ಕೊಡಿ ಎಂದು ಕೇಳಲು ಹೋದರೆ ಪ್ರಯೋಗಾಲಯದ ಅಟೆಂಡರ್ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ‘ಶೂನ್ಯ ದೋಷ +5’ ಎಂದು ಬರೆದಿತ್ತು. “ಬಂದ ಅಳತೆಯಲ್ಲಿ ಐದು ಕಳಿ. ಮುಗೀತಲ್ಲ!” ಎಂದರು. ಹಾಗೆ ಕಳೆದು ನಾನು ಅಳೆದ ತಂತಿಯ ದಪ್ಪ ಸರಿಯಾಗಿಯೇ ಬಂತು. ಆದರೆ ಆರನೆಯ ಗೇಜು ಬೇರೆ ತರಹದ್ದು. ಅದರ ತಿರುಪು ಸವೆದು, ಒಂದೊಂದು ಸಲ ಒಂದೊಂದು ತೋರಿಸುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಚೀಟಿ ಇರಲಿಲ್ಲ. ಅದನ್ನು ಅವರು ಯಾರಿಗೂ ಕೊಡುತ್ತಲೂ ಇರಲಿಲ್ಲ.

ಲೋಕದಲ್ಲಿ ದೋಷವಿಲ್ಲದ ಉಪಕರಣ ಇಲ್ಲ. ದೋಷ ಎಷ್ಟೆಂದು ಗೊತ್ತಿರುವ ಉಪಕರಣ, ಗೊತ್ತಿಲ್ಲದ ಉಪಕರಣ ಎಂದು ಎರಡೇ ಜಾತಿ. ಸ್ಮಾರ್ಟ್‌ಫೋನುಗಳ ಚರಿತ್ರೆಯನ್ನೇ ನೋಡಿ. ಅವುಗಳಲ್ಲಿ ಮೊದಲನೆಯದು ಎನ್ನಲಾಗುವ ಐಬಿಎಂ ಸೈಮನ್ 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಫೋನು, ದಿನಚರಿ, ವಿಳಾಸ ಪುಸ್ತಕ, ಇ-ಮೇಲ್, ಫ್ಯಾಕ್ಸ್ ಎಲ್ಲವೂ ಒಂದರಲ್ಲೇ. ತೂಕ ಸುಮಾರು ಅರ್ಧ ಕಿಲೋ, ಮಾತಾಡಲು ಹೊರಟರೆ ಬ್ಯಾಟರಿ ಒಂದು ಗಂಟೆ! 2007ರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಮೊದಲ ಐಫೋನಿನಲ್ಲಿ ಒಂದು ಕಡೆಯ ಬರಹವನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವ ಸೌಕರ್ಯ ಇರಲಿಲ್ಲ, 2009ರವರೆಗೆ ಕಾಯಬೇಕಾಯಿತು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ತೆರೆಯ ಮೇಲೆ ಅಕ್ಷರದ ಮಣೆಯೇ ಇರಲಿಲ್ಲ. ಫೋನನ್ನು ಜಾರಿಸಿ ತೆರೆದು ಒಳಗಿನ ಗುಂಡಿಗಳನ್ನು ಒತ್ತಬೇಕಿತ್ತು. ನಮ್ಮ ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿದರೂ ಎಷ್ಟೋ ವರ್ಷ ಫೋನುಗಳಲ್ಲಿ ಕನ್ನಡ ಬರೀ ಚೌಕದ ಪೆಟ್ಟಿಗೆಗಳಾಗಿ ಕಾಣುತ್ತಿತ್ತು. ಕೊರತೆಯಿದ್ದೂ ಜನ ಅವನ್ನು ಮೆಚ್ಚಿದರು. ಕೊರತೆಯನ್ನು ಕಂಡವರು ಮುಂದಿನದನ್ನು ಮಾಡಿದರು.

ಹಾಗಾದರೆ ನನ್ನ ತೃಪ್ತಿ ಯಾವ ಜಾತಿಯದು? ಮನೆಗೆ ಬಂದು ನೋಟ್‌ಪುಸ್ತಕದ ಹಾಳೆಯಲ್ಲಿ ಮೂರು ಗೆರೆ ಎಳೆದೆ. ಮಗಳನ್ನೂ ಕೂರಿಸಿಕೊಂಡೆ. ಮೊದಲನೆಯ ಅಂಕಣ, ನೋಡಲು ಮಾತ್ರ ಕೆಟ್ಟದ್ದು: ಗಾಜಿನ ಬಿರುಕು, ಬಣ್ಣ ಹೋದ ಅಂಚು. “ಇದನ್ನು ನೀನು ಸುಲಭವಾಗಿ ಬರೆದೆ” ಎಂದಳು ಮಗಳು. “ಪಿಯುಸಿಯಲ್ಲಿ ಎರಡು ವರ್ಷ ನಾನು ಇದನ್ನು ಬ್ಯಾಗಿನಿಂದ ಹೊರಗೆ ತೆಗೆಯುತ್ತಿರಲಿಲ್ಲ ಗೊತ್ತಾ?” ಗೊತ್ತಿರಲಿಲ್ಲ. ಅವಳ ಮಾತನ್ನೂ ಆ ಅಂಕಣದಲ್ಲಿ ಬರೆದೆ. ನಮಗೆ ನೋಟದ ದೋಷವಾದದ್ದು ಹದಿನೇಳರ ವಯಸ್ಸಿಗೆ ಬರೀ ನೋಟದ್ದಲ್ಲ.

ಎರಡನೆಯದು, ತಿಳಿದುಕೊಂಡರೆ ಕಳೆಯಬಹುದಾದದ್ದು: ಸತ್ತ ಪಟ್ಟಿ, ಅಡ್ಡ ತಿರುಗಿಸಬೇಕು. ಜಾಗ ಕಡಿಮೆ, ತಿಂಗಳಿಗೊಮ್ಮೆ ಫೋಟೋ ಬೇರೆ ಕಡೆ ಇಳಿಸಬೇಕು. ದಿಕ್ಸೂಚಿ ಕಬ್ಬಿಣದ ಕಿಟಕಿಯ ಹತ್ತಿರ ತಪ್ಪು ತೋರಿಸುತ್ತದೆ, ದೂರ ಸರಿದು ಗಾಳಿಯಲ್ಲಿ ಎಂಟರ ಅಂಕಿ ಬರೆದಂತೆ ಆಡಿಸಬೇಕು.

ಮೂರನೆಯದು, ಕಳೆಯಲು ಬಾರದ್ದು. ಇಲ್ಲಿ ಮೊದಲು ಊದಿದ ಬ್ಯಾಟರಿ ಇತ್ತು, ಅದು ಹೋಯಿತು. ಇನ್ನೊಂದನ್ನು ಮಗಳೇ ಬರೆದಳು. ಈ ಫೋನಿಗೆ ಕಂಪನಿಯಿಂದ ಬರುತ್ತಿದ್ದ ಭದ್ರತೆಯ ಪರಿಷ್ಕರಣೆಗಳು ನಿಂತುಹೋಗಿವೆ. ಕಳ್ಳರು ಹೊಸ ಹೊಸ ಕಿಂಡಿ ಹುಡುಕುತ್ತಲೇ ಇರುತ್ತಾರೆ. ಮುಚ್ಚುವವರು ಯಾರೂ ಇಲ್ಲ. ರೇಡಿಯೋ ಕೇಳಲು, ನಾಣ್ಯ ಬೀಳಿಸಲು ಇದರಿಂದ ತೊಂದರೆಯಿಲ್ಲ. ಬ್ಯಾಂಕಿನ ಲೆಕ್ಕಕ್ಕೆ ಇದೆ. ಹಾಸನದಲ್ಲಿ ಹಾಸ್ಟೆಲ್ ಫೀಸು, ಮೆಸ್ಸಿನ ದುಡ್ಡು, ವಿದ್ಯಾರ್ಥಿವೇತನ ಎಲ್ಲವೂ ಅವಳ ಫೋನಿನ ಮೂಲಕವೇ ನಡೆಯಬೇಕು. ಯಾವ ಪರಿಷ್ಕರಣೆಯೂ ಇಲ್ಲದ ಫೋನನ್ನು ಕೊಟ್ಟು, ತೃಪ್ತಿ ಪಡು ಎಂದು ಅವಳಿಗೆ ಹೇಳುವುದು ಆ ಆರನೆಯ ಸ್ಕ್ರೂಗೇಜನ್ನು ಕೈಗೆ ಕೊಟ್ಟು ಪರೀಕ್ಷೆಗೆ ಕಳಿಸಿದಂತೆ.

ಹಾಳೆ ತುಂಬಿದ ಮೇಲೆ ಅವಳ ಪ್ರಶ್ನೆಗೆ ಉತ್ತರ ಹೇಳಿದೆ. “ಅರ್ಧ ದುಡ್ಡಿಲ್ಲ ಅಂತ. ಉಳಿದರ್ಧ ನಿಜವಾಗಿ. ಇಷ್ಟು ದಿನ ನಾನು ಎರಡನ್ನೂ ಕಲಸಿ ಪೂರ್ತಿ ನಿಜ ಅಂತ ಹೇಳುತ್ತಿದ್ದೆ.” ಅವಳು ನಗಲಿಲ್ಲ. “ಇದನ್ನ ಮೊದಲೇ ಹೇಳಿದ್ದರೆ ನಾನು ಕೇಳ್ತಿರಲಿಲ್ಲಪ್ಪ” ಎಂದಳು.

ಕೊನೆಗೆ ಅವಳ ಅಜ್ಜಿ ಕಾಳುಮೆಣಸು ಮಾರಿದ ದುಡ್ಡಿನಲ್ಲಿ ಒಂದು ಪಾಲು, ನನ್ನದೊಂದು ಪಾಲು ಸೇರಿ 11,000 ರೂಪಾಯಿಗೆ ಒಂದು ಫೋನು ಬಂತು. ಅಂಗಡಿಯವನು ಕ್ಯಾಮೆರಾದ ಸಂಖ್ಯೆ ಹೇಳುತ್ತಿದ್ದರೆ ಇವಳು ಕೇಳಿದ್ದು ಎರಡೇ: ಭದ್ರತೆಯ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ? ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ? ಅಂಗಡಿಯವನಿಗೆ ಎರಡಕ್ಕೂ ಉತ್ತರ ಗೊತ್ತಿರಲಿಲ್ಲ, ಒಳಗೆ ಹೋಗಿ ಕೇಳಿಕೊಂಡು ಬಂದ.

ತಂದೆ ತಾಯಂದಿರಿಗೆ ನನ್ನದೊಂದು ಮಾತು. ಮಕ್ಕಳು ಹೊಸದು ಕೇಳಿದಾಗ ‘ಬೇಡ’ ಎನ್ನುವುದಕ್ಕೂ ‘ಆಯಿತು’ ಎನ್ನುವುದಕ್ಕೂ ಮೊದಲು ಆ ಮೂರು ಅಂಕಣದ ಹಾಳೆಯನ್ನು ಜೊತೆಯಲ್ಲಿ ಕುಳಿತು ತುಂಬಿಸಿ. ದುಡ್ಡಿಲ್ಲದಿದ್ದರೆ ದುಡ್ಡಿಲ್ಲ ಎಂದೇ ಹೇಳಿ, ಅದಕ್ಕೆ ಸದ್ಗುಣದ ಬಣ್ಣ ಹಚ್ಚಬೇಡಿ. ವಿದ್ಯಾರ್ಥಿಗಳೂ ಒಂದು ವಿಷಯ ತಿಳಿದಿರಲಿ. ಒಂದು ಫೋನಿನ ಇಡೀ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಸೇರಿಹೋಗಿರುತ್ತದೆ, ನಾವು ಚಾರ್ಜ್ ಮಾಡುವಾಗ ಅಲ್ಲ. ಬಿರುಕು ಬಿಟ್ಟಿತೆಂಬ ಒಂದೇ ಕಾರಣಕ್ಕೆ ಎಸೆದರೆ ಆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಳೆಯ ಫೋನು ನನ್ನಲ್ಲೇ ಉಳಿಯಿತು. ಬ್ಯಾಂಕಿನ ತಂತ್ರಾಂಶ ತೆಗೆದುಹಾಕಿದ್ದೇನೆ, ಆ ವ್ಯವಹಾರವೆಲ್ಲ ಈಗ ನನ್ನಾಕೆಯ ಫೋನಿನಲ್ಲಿ. ಹಾಸನಕ್ಕೆ ಹೊರಡುವ ದಿನ ಮಗಳು ಇದರ ಹಿಂಬದಿಯ ಕವಚದೊಳಗೆ ಒಂದು ಚೀಟಿ ಮಡಿಸಿ ಇಟ್ಟು ಹೋದಳು. ಬಸ್ಸು ಹೋದ ಮೇಲೆ ತೆಗೆದು ಓದಿದೆ. ‘ಎಡ ಅಂಚು ಕೆಲಸ ಮಾಡುವುದಿಲ್ಲ, ಅಡ್ಡ ತಿರುಗಿಸಿ. ಬ್ಯಾಟರಿ 2025ರ ಮೇ. ದುಡ್ಡಿನ ವ್ಯವಹಾರ ಬೇಡ. ಉಳಿದಂತೆ ಅಳತೆ ಸರಿಯಿದೆ.’

ಚೀಟಿ ಅಲ್ಲೇ ಇದೆ. ರಬ್ಬರ್ ಬ್ಯಾಂಡ್ ತೆಗೆದುಹಾಕಿದ್ದೇನೆ.